ಮಳೆ ಹಿಡಿದಾಗ ಕೈತೋಟ: ಮೊದಲು ಬೇರಿಗೆ ಗಾಳಿ ಬೇಕು

ಬಿತ್ತನೆಯ ಹೊತ್ತಿಗೇ ಮಳೆ ಬಿಡದೆ ಹಿಡಿದರೆ ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿಕೊಳ್ಳುತ್ತದೆ. ಬೇರಿಗೆ ಉಸಿರಾಡಲು ಗಾಳಿ ಇರುವುದಿಲ್ಲ. ಎಲೆ ಹಳದಿಯಾಗುತ್ತದೆ, ನೆಲ ಒದ್ದೆ ಇದ್ದರೂ ಗಿಡ ಬಾಡುತ್ತದೆ. ಮಳೆಗಾಲದ ಶುರುವಿನಲ್ಲಿ ಬೇರಿಗೆ ಗಾಳಿ ಉಳಿಸುವುದೇ ದೊಡ್ಡ ಕೆಲಸ.

ನೀರಿಗೆ ದಾರಿ ಮಾಡಿ

ಜೋರು ಮಳೆ ನಿಂತ ಕೂಡಲೇ ತೋಟ ಸುತ್ತಿ ಬನ್ನಿ. ನೀರು ಎಲ್ಲಿ ನಿಂತಿದೆ ಎಂದು ಆಗಲೇ ಗೊತ್ತಾಗುವುದು. ಅಲ್ಲಿಂದ ಇಳಿಜಾರಿನ ಕಡೆಗೆ ಗುದ್ದಲಿಯಲ್ಲಿ ಕಾಲುವೆ ತೆಗೆಯಿರಿ. ಮಡಿಗಳನ್ನು 15ರಿಂದ 20 ಸೆಂ.ಮೀ. ಏರಿಸಿ. ಅಗಲ ಒಂದು ಮೀಟರ್ ದಾಟುವುದು ಬೇಡ. ಎರಡೂ ಬದಿಯಿಂದ ಕೈ ಎಟುಕಿದರೆ ಮಡಿಯೊಳಗೆ ಕಾಲಿಡಬೇಕಾಗಿಲ್ಲ, ಅಲ್ವಾ? ಒದ್ದೆ ಮಣ್ಣನ್ನು ತುಳಿದರೆ ಅದು ಒತ್ತಿಕೊಂಡು ಗಟ್ಟಿಯಾಗುತ್ತದೆ. ಆ ಮಣ್ಣನ್ನು ಮತ್ತೆ ಸಡಿಲ ಮಾಡುವುದು ತುಂಬಾ ಕಷ್ಟ.

ಅಗೆಯುವ ಮುಂಚೆ ಹದ ನೋಡಿ

ಒಂದು ಹಿಡಿ ಮಣ್ಣು ಹಿಂಡಿ ಉಂಡೆ ಮಾಡಿ, ಬೆರಳಲ್ಲಿ ತಟ್ಟಿ. ಪುಡಿಯಾಗಿ ಉದುರಿದರೆ ಅಗೆಯಬಹುದು. ಅಂಟಂಟಾಗಿ ಉಂಡೆಯಾಗೇ ಉಳಿದರೆ ಆವತ್ತು ಗುದ್ದಲಿ ಮುಟ್ಟಬೇಡಿ. ಕಳೆಯನ್ನು ಮಾತ್ರ ಕೈಯಲ್ಲೇ ಕೀಳಬಹುದು. ನೆನೆದ ನೆಲದಿಂದ ಬೇರು ಸಮೇತ ಸಲೀಸಾಗಿ ಬರುತ್ತದೆ.

ಬೀಜ, ಸಸಿ

ಬೀನ್ಸ್, ಸೌತೆ, ಕುಂಬಳದ ಬೀಜ ಕೆಸರಲ್ಲಿ ಮೊಳೆಯುವ ಮೊದಲೇ ಕೊಳೆಯುತ್ತದೆ. ಸೌತೆ, ಕುಂಬಳವನ್ನು ಸೂರಿನ ಕೆಳಗೆ, ಬೆಳಕಿರುವ ಕಡೆ ಕುಂಡದಲ್ಲಿ ಮೊಳೆಯಿಸಿ ಆಮೇಲೆ ನೆಡುವುದು ವಾಸಿ. ಕುಂಡದ ತಳದಲ್ಲಿ ತೂತು ಇರಲೇಬೇಕು. ನಿನ್ನೆ ನೆಟ್ಟಗಿದ್ದ ಎಳೆ ಸಸಿ ಇವತ್ತು ಬುಡ ಸಣ್ಣಗಾಗಿ ಮಲಗಿದೆಯೇ? ಅದು ಬುಡಕೊಳೆ ರೋಗ. ಬಿದ್ದ ಸಸಿ ಮತ್ತೆ ಏಳುವುದಿಲ್ಲ. ಕಿತ್ತು ಹಾಕಿ, ಉಳಿದವುಗಳ ನಡುವೆ ಗಾಳಿಯಾಡುವಷ್ಟು ಜಾಗ ಬಿಡಿ, ನೀರು ಕಡಿಮೆ ಮಾಡಿ.

ಗೊಬ್ಬರ

ಮಳೆ ಮಣ್ಣಿನ ಸಾರಜನಕವನ್ನು ಕೆಳಕ್ಕೆ ತೊಳೆದುಕೊಂಡು ಹೋಗುತ್ತದೆ. ಬುಡದ ಹಳೆ ಎಲೆಗಳು ಮೊದಲು ಹಳದಿಯಾದರೆ ಬಹುಶಃ ಇದೇ ಕಾರಣ. ಒಂದೇ ಸಲ ಜಾಸ್ತಿ ಸುರಿಯಬೇಡಿ. ನೀರು ಬಸಿದ ಮೇಲೆ ಚೆನ್ನಾಗಿ ಕಳಿತ ಗೊಬ್ಬರವನ್ನು ಸ್ವಲ್ಪ ಸ್ವಲ್ಪವೇ ಕೊಡಿ.

ಎಲೆ ಒಣಗಿರಲಿ

ಎಲೆ ರೋಗಗಳು ಹೆಚ್ಚಾಗಿ ಹರಡುವುದು ಹನಿ ಸಿಡಿದು ಮತ್ತು ಎಲೆ ಬಹಳ ಹೊತ್ತು ಒದ್ದೆಯಾಗಿದ್ದು. ಟೊಮೆಟೊಗೆ ಕೋಲು ಕೊಡಿ, ನೆಲ ಮುಟ್ಟುವ ಎಲೆ ತೆಗೆಯಿರಿ. ಒಣಹುಲ್ಲನ್ನು ತೆಳ್ಳಗೆ ಹಾಸಿ, ಕಾಂಡಕ್ಕೆ ತಾಗದಂತೆ. ಬೀನ್ಸ್ ಗಿಡ ಒದ್ದೆ ಇರುವಾಗ ಕಾಯಿ ಕೀಳಬೇಡಿ, ರೋಗ ನಿಮ್ಮ ಕೈಯಿಂದಲೇ ಗಿಡದಿಂದ ಗಿಡಕ್ಕೆ ದಾಟುತ್ತದೆ.

ಹಾಸಿದ ಹುಲ್ಲಿನಡಿ ಬಸವನಹುಳು ಸೇರುವುದುಂಟು. ಸಂಜೆ ಮಡಿಯ ಪಕ್ಕ ಒಂದು ಹಲಗೆ ಇಟ್ಟು, ಬೆಳಿಗ್ಗೆ ಮಗುಚಿ ಅಡಿಯಲ್ಲಿ ಸೇರಿದ್ದನ್ನೆಲ್ಲ ಆರಿಸಿ ತೆಗೆಯಿರಿ.

ಹೂ ಬಿಟ್ಟ ಮೇಲೆ

ಮಳೆಯಲ್ಲಿ ಜೇನು ಹಾರುವುದು ಕಡಿಮೆ. ಕುಂಬಳದಲ್ಲಿ ಹೂವಿದ್ದೂ ಪಿಂದೆ ಉದುರುತ್ತಿದ್ದರೆ ಕಾಯಿ ಕಚ್ಚಿಸುವ ಕೆಲಸ ನೀವೇ ಮಾಡಬೇಕು. ಬೆಳಿಗ್ಗೆ ಬೇಗ, ಮಳೆ ಬಿಡುವು ಕೊಟ್ಟಾಗ, ಒಣಗಿರುವ ಗಂಡು ಹೂವೊಂದನ್ನು ಕಿತ್ತು ಎಸಳು ಬಿಡಿಸಿ. ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು ಹೂವು. ಅದರ ನಡುವಿಗೆ ಗಂಡು ಹೂವಿನ ಪರಾಗವನ್ನು ಮೆಲ್ಲಗೆ ಸವರಿ.