ಕ್ರೂಸ್ ಕಂಟ್ರೋಲ್ ಸೆಟ್ ಆಗ್ತಿಲ್ವಾ? ಮೊದ್ಲು ಬ್ರೇಕ್ ಸ್ವಿಚ್ ನೋಡಿ
ಹೋದ್ವಾರ ಹಾಸನಕ್ಕೆ ಹೋಗೋವಾಗ ನೆಲಮಂಗಲ ದಾಟಿದ್ಮೇಲೆ ಕ್ರೂಸ್ (ಆಕ್ಸಿಲರೇಟರ್ ಒತ್ತದೇ ಗಾಡಿ ಒಂದೇ ಸ್ಪೀಡಲ್ಲಿ ಹೋಗೋ ಹಾಗೆ ಮಾಡೋದು) ಹಾಕಿದ್ರೆ ಸೆಟ್ಟೇ ಆಗ್ತಿಲ್ಲ, ಗ್ಯಾರೇಜಲ್ಲಿ ಸ್ಟೇರಿಂಗ್ ಬಟನ್ ಸೆಟ್ಟೇ ಬದಲಾಯಿಸ್ಬೇಕು ಅಂದ್ರು, ನಂಗ್ಯಾಕೋ ನಂಬಿಕೆ ಬರ್ಲಿಲ್ಲ. ಗಾಡಿಯ ದೋಷ ಓದೋ ಸ್ಕ್ಯಾನರ್ ಹಾಕಿದ್ರೆ ಪಿ0571 ಅನ್ನೋ ಕೋಡ್ ಬಂತು, ಅಂದ್ರೆ ಬ್ರೇಕ್ ಸ್ವಿಚ್ ಸರ್ಕ್ಯೂಟಲ್ಲಿ ದೋಷ.

ವಿಷ್ಯ ಏನಂದ್ರೆ ತುಂಬಾ ಗಾಡಿಗಳಲ್ಲಿ ಬ್ರೇಕ್ ಪೆಡಲ್ ಮೇಲಿರೋ ಆ ಸ್ವಿಚ್ ಒಳಗೆ ಎರಡು ಕಾಂಟ್ಯಾಕ್ಟ್ ಇರ್ತವೆ, ಒಂದು ಒತ್ತಿದಾಗ ಸೇರಿ ಲೈಟ್ ಹತ್ತಿಸುತ್ತೆ, ಇನ್ನೊಂದು ಒತ್ತಿದಾಗ ಬಿಟ್ಕೊಂಡು ಇಸಿಯುಗೆ (ಗಾಡಿಯ ಕಂಪ್ಯೂಟರ್‌ಗೆ) ಹೇಳುತ್ತೆ, ಎರಡೂ ತಾಳೆ ಆಗ್ಲಿಲ್ಲ ಅಂದ್ರೆ ಕ್ರೂಸ್ ಬಂದ್. ಅದಕ್ಕೇ ಬ್ರೇಕ್ ಲೈಟ್ ಸರಿಯಾಗೇ ಹತ್ತುತ್ತಲ್ಲ ಅಂತ ಸುಮ್ನಾಗ್ಬೇಡಿ.

ಫ್ಯೂಸು, ಬಲ್ಬು ನೋಡಿ (ಎಲ್‌ಇಡಿ ಹಾಕ್ಸಿದ್ರೆ ಕೆಲವು ಗಾಡೀಲಿ ಅದೇ ತಲೆನೋವು). ಆಮೇಲೆ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರನ್ನ ಕಂಟಿನ್ಯುಟಿಗಿಟ್ಟು (ಸರ್ಕ್ಯೂಟ್ ಸೇರಿದ್ರೆ ಬೀಪ್ ಹೊಡೆಯೋ ಸೆಟ್ಟಿಂಗ್) ಸ್ವಿಚ್ಚಿನ ಎರಡೂ ಜೋಡಿ ಪಿನ್ ಚೆಕ್ ಮಾಡಿ, ಕೈಯಲ್ಲಿ ಪೆಡಲ್ ಒತ್ತಿದ್ರೆ ಒಂದ್ರಲ್ಲಿ ಬೀಪ್ ಶುರುವಾಗ್ಬೇಕು, ಇನ್ನೊಂದ್ರಲ್ಲಿ ನಿಲ್ಬೇಕು. ನಂದ್ರಲ್ಲಿ ಎರಡನೇದು ಬಿಟ್ಟುಬಿಟ್ಟು ಬೀಪ್ ಹೊಡೀತಿತ್ತು, ಪಿನ್ ಮೇಲೆ ಹಸಿರು ಕಿಲುಬು ಬೇರೆ. ಹೊಸ ಸ್ವಿಚ್ ಹಾಕೋವಾಗ ಪ್ಲಂಜರ್ (ಸ್ವಿಚ್ಚಿನ ಒಳಗೆ-ಹೊರಗೆ ಆಡೋ ಕಡ್ಡಿ) ಗ್ಯಾಪ್ ಮ್ಯಾನ್ಯುಯಲ್ ಪ್ರಕಾರ ಸೆಟ್ ಮಾಡಿ. ಲೈಟೇ ಹತ್ತದಿದ್ರೆ ಮಾತ್ರ ಗಾಡಿ ರೋಡಿಗಿಳಿಸ್ಬೇಡಿ, ಹಿಂದಿನೋರಿಗೆ ಗೊತ್ತಾಗಲ್ಲ.