ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕನ್ನು ರೇಸಿಂಗ್ ಸಿಮ್‌ಗೆ (ಸಿಮ್ಯುಲೇಟರ್ ಆಟಕ್ಕೆ) ತಂದ ನನ್ನ ಅನುಭವ

ಲೈಡಾರ್ (ವಿಮಾನದಿಂದ ಲೇಸರ್ ಹಾಯಿಸಿ ನೆಲದ ಎತ್ತರ ಅಳೆಯುವ ವಿಧಾನ) ನಂಬಿಕೊಂಡರೆ ಆಗಲ್ಲ, ಹಳೇ ಫೋಟೋ ನೋಡಿಯೇ ಕಟ್ಟಬೇಕು ಅಂತ ಸಿಮ್ ಗೆಳೆಯರೆಲ್ಲ ಹೇಳಿದ್ದರು. ಲೈಡಾರ್‌ನಿಂದಲೇ ಆಯಿತು ನೋಡಿ. ಅಸೆಟ್ಟೊ ಕೋರ್ಸಾ ಅನ್ನುವ ರೇಸಿಂಗ್ ಸಿಮ್‌ನಲ್ಲಿ ಈಗ ಬ್ರೂಕ್‌ಲ್ಯಾಂಡ್ಸ್‌ನ ಇಡೀ ಔಟರ್ ಸರ್ಕ್ಯೂಟ್ (ಹೊರಸುತ್ತು) ಇದೆ.

ಇಂಗ್ಲೆಂಡಿನಲ್ಲಿರುವ 1907ರ ಕಾರ್ ರೇಸ್ ಟ್ರ್ಯಾಕ್ ಇದು. ಸುಮಾರು 4.4 ಕಿ.ಮೀ. ಸುತ್ತು, 30 ಮೀಟರ್ ಅಗಲ, ಕಾಂಕ್ರೀಟ್ ನೆಲ. 1939ರಲ್ಲಿ ರೇಸ್ ನಿಂತಿತು, ಜಾಗ ವಿಮಾನ ಕಾರ್ಖಾನೆಯ ಪಾಲಾಯಿತು. ಕಾರ್ಖಾನೆಗೆ ದಾರಿ ಬೇಕು ಅಂತ ಬೈಫ್ಲೀಟ್ ಬ್ಯಾಂಕಿಂಗನ್ನೇ (ಬ್ಯಾಂಕಿಂಗ್ ಅಂದರೆ ತಿರುವಿನಲ್ಲಿ ಹೊರಅಂಚು ಮೇಲೆದ್ದ ಓರೆ ಟ್ರ್ಯಾಕ್) ಒಡೆದರು. ವೇ ನದಿಯ ಮೇಲಿದ್ದ ತುಂಡು ಈಗಿಲ್ಲ. ಕಾರುಗಳ ಚಕ್ರ ನೆಲ ಬಿಡುತ್ತಿದ್ದ ಜಾಗವೇ ಅದು! ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಮೊದಲು ಫೋನಿನ ಜಿಪಿಎಸ್ ಹಿಡಿದು ನಡೆದೆ. ಮರಗಳ ಕೆಳಗೆ ಗೆರೆ ಐದಾರು ಮೀಟರ್ ಆಚೀಚೆ. ಆಮೇಲೆ ಟ್ರ್ಯಾಕಿನ 3ಡಿ ಮಾಡೆಲ್ ಮಾಡಿಕೊಡಲು ಒಬ್ಬ ಫ್ರೀಲಾನ್ಸರ್‌ಗೆ ಮುನ್ನೂರು ಪೌಂಡ್ ಹತ್ತಿರ ಕೊಟ್ಟೆ. ಅವನು ಮಾಡಿದ ಬ್ಯಾಂಕಿಂಗ್ ಹಲಗೆಯನ್ನು ಓರೆಯಾಗಿ ಒರಗಿಸಿದ ಹಾಗಿತ್ತು. ನಿಜವಾದದ್ದು ಕೆಳಗೆ ಸಪಾಟು, ಮೇಲೆ ಹೋದಷ್ಟೂ ಕಡಿದು, ತುದಿ ಹೆಚ್ಚುಕಡಿಮೆ 9 ಮೀಟರ್ ಎತ್ತರ. ದುಡ್ಡು ವಾಪಸ್ ಬರಲಿಲ್ಲ.

ಇಂಗ್ಲೆಂಡಿನಲ್ಲಿ ಸರ್ಕಾರಿ ಲೈಡಾರ್ ಡೇಟಾ ಪುಕ್ಕಟೆ. ಆದರೆ ಡಿಟಿಎಂ (ಮರ, ಕಟ್ಟಡ ತೆಗೆದ ಬರೀ ನೆಲದ ಮಾದರಿ) ಹಾಕಿದರೆ ಮರ ತೆಗೆಯುವ ಫಿಲ್ಟರ್ ಬ್ಯಾಂಕಿಂಗಿನ ತುದಿಯನ್ನೂ ಸವರಿಬಿಟ್ಟಿತ್ತು. ಹಾಗಾಗಿ ಪಾಯಿಂಟ್ ಕ್ಲೌಡ್‌ಗೇ, ಅಂದರೆ ಲೇಸರ್ ಅಳೆದ ಮೂಲ ಬಿಂದುಗಳಿಗೇ, ಹೋದೆ. ಟ್ರ್ಯಾಕಿನ ಇನ್ನೊಂದು ಓರೆ ತಿರುವಾದ ಮೆಂಬರ್ಸ್ ಬ್ಯಾಂಕಿಂಗ್ ಉಳಿದಿರುವ ಕಡೆ ಹತ್ತು ಮೀಟರಿಗೊಂದು ಅಡ್ಡಸೀಳು ತೆಗೆದೆ. ಅದೇ ಆಕಾರವನ್ನು ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಖಾಲಿ ಜಾಗದುದ್ದಕ್ಕೂ ಎಳೆದೆ. ಎರಡು ತುದಿ ಕೂಡಿದಾಗ ಒಂದು ಗೇಣೂ ವ್ಯತ್ಯಾಸ ಇರಲಿಲ್ಲ. ಕಾಂಕ್ರೀಟಿನ ಕುಲುಕಾಟ ಮಾತ್ರ ಲೈಡಾರ್‌ನಲ್ಲಿ ಸಿಗುವುದಿಲ್ಲ. ಅದನ್ನು ಹೇಗೆ ತಂದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮಧ್ಯೆ ಚೆನ್ನೈ ಹತ್ತಿರದ ಹಳೇ ರೇಸ್ ಟ್ರ್ಯಾಕ್ ಶೋಳಾವರಂಗೂ ಕೈಹಾಕಿದೆ. ಯುದ್ಧಕಾಲದ ಏರ್‌ಸ್ಟ್ರಿಪ್ ಅಲ್ವಾ, ಎತ್ತರದ ತಲೆನೋವೇ ಇಲ್ಲ. ಸ್ಯಾಟಲೈಟ್ ಚಿತ್ರದ ಮೇಲೆ ರನ್‌ವೇ ಎಳೆದೆ. ತಿರುವುಗಳನ್ನು ಮಾತ್ರ ಅಲ್ಲಿ ಓಡಿಸಿದ ಹಿರಿಯರನ್ನು ಕೇಳಿಯೇ ಹಾಕಬೇಕು. ಆ ಕೆಲಸ ಅರ್ಧದಲ್ಲಿದೆ.

ಇನ್ನು ನನ್ನ ಬ್ರೂಕ್‌ಲ್ಯಾಂಡ್ಸ್ ಸರಿಯಾಗಿದೆ ಅನ್ನುವುದಕ್ಕೆ ಪುರಾವೆ. 1935ರಲ್ಲಿ ರೇಸರ್ ಜಾನ್ ಕಾಬ್ ನೇಪಿಯರ್-ರೈಲ್ಟನ್ ಕಾರಿನಲ್ಲಿ ಅಲ್ಲಿ ಗಂಟೆಗೆ 143.44 ಮೈಲಿಯಂತೆ ಸುತ್ತು ಹೊಡೆದ. ಅಂದರೆ 69 ಸೆಕೆಂಡು ಚಿಲ್ಲರೆ. ಆ ದಾಖಲೆ ಇವತ್ತಿಗೂ ಅವನದೇ. ಅದೇ ಕಾರಿನ ಮಾಡೆಲ್ ನನ್ನ ಟ್ರ್ಯಾಕ್ ಮೇಲೆ 71 ಸೆಕೆಂಡಿನ ಆಸುಪಾಸು ಬಂತು, ಬ್ಯಾಂಕಿಂಗ್ ಮೇಲೆ ಸ್ಟೀರಿಂಗ್ ಜಾಸ್ತಿ ಎಳೆಯಬೇಕಾಗಲಿಲ್ಲ. ಫ್ರೀಲಾನ್ಸರ್ ಮಾಡೆಲ್‌ನಲ್ಲಿ ಇದೇ ಕಾರು ಪ್ರತಿ ಸಲ ಅಂಚು ದಾಟಿ ಹೊರಗೆ ಬೀಳುತ್ತಿತ್ತು. ಮುಂದೆ ಬ್ರೂಕ್‌ಲ್ಯಾಂಡ್ಸ್‌ನದೇ 1937ರ ಕ್ಯಾಂಪ್‌ಬೆಲ್ ಸರ್ಕ್ಯೂಟ್‌ಗೆ ಕೈಹಾಕುತ್ತೇನೆ.