ಪಾಯಿಂಟ್ ಗಾರ್ಡ್ ಆಗಿ ಹತ್ತಾರು ಸೀಸನ್ ಉಳಿಯುವುದು ಹೇಗೆ

ಬ್ಯಾಸ್ಕೆಟ್‌ಬಾಲ್‌ನಲ್ಲಿ ಚೆಂಡನ್ನು ಮುಂದೆ ತಂದು ದಾಳಿ ನಡೆಸುವವನೇ ಪಾಯಿಂಟ್ ಗಾರ್ಡ್. ಕಾಲಿನ ವೇಗವನ್ನೇ ನಂಬಿ ವೃತ್ತಿಪರ ಲೀಗಿಗೆ ಬಂದರೆ, ನಿಮಗಿಂತ ವೇಗದ ಹುಡುಗರು ಪ್ರತಿ ವರ್ಷ ಬರುತ್ತಲೇ ಇರುತ್ತಾರೆ. ಕಣ್ಣು ಮತ್ತು ಗಡಿಯಾರವನ್ನು ನಂಬಿದವರದ್ದೇ ಬೇರೆ ಲೆಕ್ಕ. ಜಾನ್ ಸ್ಟಾಕ್ಟನ್ 1984ರಿಂದ 2003ರವರೆಗೆ ಯೂಟಾ ಜಾಜ್ ಒಂದೇ ತಂಡಕ್ಕೆ 19 ಸೀಸನ್ ಆಡಿ 15,806 ಅಸಿಸ್ಟ್ (ಜೊತೆಗಾರನ ಬುಟ್ಟಿಗೆ ದಾರಿಯಾದ ಪಾಸ್) ಕೊಟ್ಟರು. ಅಷ್ಟು ವರ್ಷಗಳ ಲೀಗ್ ಪಂದ್ಯಗಳಲ್ಲಿ ಅವರಿಗೆ ತಪ್ಪಿದ್ದು ಬರೀ 22. ಮಗ್ಸಿ ಬೋಗ್ಸ್ 160 ಸೆಂ.ಮೀ. ಎತ್ತರದಲ್ಲೇ ಅಮೆರಿಕದ ಎನ್‌ಬಿಎ ಲೀಗಿನಲ್ಲಿ 14 ಸೀಸನ್ ನಿಂತರು.

ಮೊದಲು ಗಡಿಯಾರ. ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾದ ನಿಯಮದಲ್ಲಿ ಒಂದು ದಾಳಿಗೆ 24 ಸೆಕೆಂಡ್. ಅದರಲ್ಲಿ ಮೊದಲ 8 ಸೆಕೆಂಡಿನೊಳಗೆ ಚೆಂಡು ಮಧ್ಯರೇಖೆ ದಾಟಿರಬೇಕು. 8 ಇದೆಯೆಂದು ಎಂಟನ್ನೂ ಖರ್ಚು ಮಾಡಬೇಡಿ. ಗಡಿಯಾರ 18 ತೋರಿಸುವಾಗ ಮೊದಲ ಸ್ಕ್ರೀನ್ (ಜೊತೆಗಾರ ನಿಮ್ಮ ಡಿಫೆಂಡರ್‌ಗೆ ಅಡ್ಡ ನಿಲ್ಲುವುದು) ನಡೆಯುತ್ತಿರಬೇಕು. ಆಗ ಅದು ಕೆಟ್ಟರೂ ಇನ್ನೊಂದಕ್ಕೆ ಸಮಯ ಉಳಿದಿರುತ್ತದೆ. 7 ಸೆಕೆಂಡ್ ಉಳಿದಾಗಲೂ ಏನೂ ಹುಟ್ಟದಿದ್ದರೆ ಚೆಂಡನ್ನು ಕೇಳಿ ವಾಪಸ್ ತೆಗೆದುಕೊಳ್ಳಿ. ಆ ಹೊತ್ತಿನಲ್ಲಿ ರಿಂಗ್ ಬಳಿ ಆಡುವ ಎತ್ತರದ ಸೆಂಟರ್ ಕೈಯಲ್ಲಿ ಚೆಂಡು ಬಿಟ್ಟು ದೂರ ನಿಂತರೆ ತಪ್ಪು ಅವನದಲ್ಲ, ನಿಮ್ಮದು. ಕ್ವಾರ್ಟರ್ ಮುಗಿಯುವಾಗ 34 ಸೆಕೆಂಡ್ ಸುಮಾರಿಗೆ ಶಾಟ್ ಹೋಗುವಂತೆ ನೋಡಿಕೊಳ್ಳಿ. ಎದುರಾಳಿ ತನ್ನ 24ನ್ನು ಪೂರ್ತಿ ಬಳಸಿದರೂ ನಿಮಗೆ ಏಳೆಂಟು ಸೆಕೆಂಡಿನ ಇನ್ನೊಂದು ದಾಳಿ ಸಿಗುತ್ತದೆ. ಆದರೆ ಮೊದಲ ಶಾಟ್ ಒಳ್ಳೆಯದಾಗಿರಬೇಕು. ಲೆಕ್ಕಕ್ಕಾಗಿ ಎಸೆದ ಕೆಟ್ಟ ಶಾಟ್‌ನಿಂದ ಲಾಭವಿಲ್ಲ.

ಮಧ್ಯರೇಖೆಯನ್ನು ಸೈಡ್‌ಲೈನ್ ಪಕ್ಕದಲ್ಲಿ ದಾಟಬೇಡಿ. ಅಲ್ಲಿ ಎರಡು ಗೆರೆಗಳೂ ಎದುರಾಳಿಯ ಪರವಾಗಿ ನಿಲ್ಲುತ್ತವೆ: ಹಿಂದೆ ಹೋದರೆ ಬ್ಯಾಕ್‌ಕೋರ್ಟ್ ತಪ್ಪು, ಪಕ್ಕಕ್ಕೆ ಸರಿದರೆ ಔಟ್. ಇಬ್ಬರು ಬಂದು ಮುತ್ತಿದರೆ ಡ್ರಿಬಲ್ ನಿಲ್ಲಿಸಬೇಡಿ. ಎರಡು ಡ್ರಿಬಲ್‌ನಷ್ಟು ಹಿಂದೆ ಸರಿದು ಮುಖ ಮೇಲಿಟ್ಟು ನೋಡಿ. ಆದ್ದರಿಂದಲೇ ರೇಖೆಯ ಆಚೆ ಎರಡು ಮೀಟರ್ ಜಾಗ ಇಟ್ಟುಕೊಂಡಿರಬೇಕು.

ಇನ್ನು ಪಿಕ್ ಅಂಡ್ ರೋಲ್: ಜೊತೆಗಾರ ಸ್ಕ್ರೀನ್ ಹಾಕಿ, ಆಮೇಲೆ ರಿಂಗ್ ಕಡೆ ತಿರುಗಿ ಓಡುವುದು. ಗಾರ್ಡ್‌ನ ಅನ್ನ ಇರುವುದು ಇಲ್ಲೇ. ಎಲ್ಲರೂ ಮಾಡುವ ತಪ್ಪು ಅವಸರ: ಸ್ಕ್ರೀನ್ ಹಾಕುವವನ ಪಾದ ನೆಲಕ್ಕೆ ಊರುವ ಮೊದಲೇ ಹೊರಡುವುದು. ಆಗ ಅವನು ಅಲುಗಾಡುತ್ತಾ ತಡೆಯುತ್ತಾನೆ, ಫೌಲ್ ಅವನ ಮೇಲೆ ಬೀಳುತ್ತದೆ, ಚೆಂಡು ಹೋಗುತ್ತದೆ. ಪಾದ ಊರುವುದನ್ನು ಕಣ್ಣಂಚಿನಲ್ಲಿ ನೋಡಿ. ಅಷ್ಟರಲ್ಲಿ ಸ್ಕ್ರೀನ್‌ಗೆ ವಿರುದ್ಧ ದಿಕ್ಕಿನಲ್ಲಿ ಒಂದೆರಡು ಡ್ರಿಬಲ್ ಹಾಕಿ ನಿಮ್ಮ ಡಿಫೆಂಡರ್‌ನ ತೂಕವನ್ನು ಆ ಕಡೆ ಎಳೆಯಿರಿ. ಆಮೇಲೆ ತಿರುಗಿ, ನಿಮ್ಮ ಹೆಗಲು ಸ್ಕ್ರೀನ್ ಹಾಕಿದವನ ಸೊಂಟಕ್ಕೆ ಉಜ್ಜುವಂತೆ ಹಾದುಹೋಗಿ. ನಡುವೆ ಒಬ್ಬ ನುಸುಳುವಷ್ಟು ಜಾಗ ಬಿಟ್ಟರೆ ಸ್ಕ್ರೀನ್ ಇದ್ದೂ ಇಲ್ಲದಂತೆ.

ಸ್ಕ್ರೀನ್ ದಾಟಿದ ಮೇಲೆ ನೋಡಬೇಕಾದದ್ದು ನಿಮ್ಮ ಡಿಫೆಂಡರ್‌ನನ್ನಲ್ಲ, ಎದುರಿನ ಸೆಂಟರ್‌ನನ್ನು. ಅವನು ರಿಂಗ್ ಹತ್ತಿರ ಕೆಳಗೇ ನಿಂತಿದ್ದರೆ ನಿಧಾನಿಸಿ, ನಿಮ್ಮ ಡಿಫೆಂಡರ್‌ನನ್ನು ಬೆನ್ನ ಹಿಂದೆಯೇ ಹಿಡಿದಿಟ್ಟು ಫ್ರೀ ಥ್ರೋ ಗೆರೆಯ ಬಳಿ ಶಾಟ್ ಅಥವಾ ಫ್ಲೋಟರ್ (ಓಡುತ್ತಲೇ ಎತ್ತರಕ್ಕೆ ಮೆಲ್ಲಗೆ ಎಸೆಯುವ ಶಾಟ್) ಹಾಕಿ. ಇಬ್ಬರೂ ಮೇಲೆರಗಿದರೆ ಹಿಂದೆ ಸರಿದು ಅವರನ್ನು ದೂರ ಎಳೆದು, ಫ್ರೀ ಥ್ರೋ ಗೆರೆಗೆ ಬಂದ ಜೊತೆಗಾರನಿಗೆ ಚೆಂಡು ಕೊಡಿ. ಅಲ್ಲಿಂದ ಮುಂದೆ ನಾಲ್ವರಿಗೆ ಎದುರು ಮೂವರೇ. ಡಿಫೆಂಡರ್ ಸ್ಕ್ರೀನ್ ಕೆಳಗಿನಿಂದ, ಅಂದರೆ ರಿಂಗ್ ಕಡೆಯಿಂದ, ಸುತ್ತಿ ಬಂದರೆ ಅಲ್ಲೇ ಮೂರು ಪಾಯಿಂಟ್ ಶಾಟ್ ಎಸೆಯಲೇಬೇಕು. ಎಸೆಯದಿದ್ದರೆ ಎದುರಾಳಿಗಳು ಇಡೀ ಸೀಸನ್ ಕೆಳಗಿನಿಂದಲೇ ಬರುತ್ತಾರೆ. ಇಬ್ಬರು ಡಿಫೆಂಡರ್‌ಗಳೂ ಅದಲುಬದಲಾದರೆ ಅವಸರ ಬೇಡ: ನಾಲ್ಕು ಹೆಜ್ಜೆ ಹಿಂದೆ ಬಂದು, ಎತ್ತರದವನ ಮೇಲೆ ಓಟ ಹಿಡಿದು ನುಗ್ಗಿ.

ರೋಲ್ ಮಾಡುವವನಿಗೆ ಕೊಡುವ ಪಾಕೆಟ್ ಪಾಸನ್ನು (ಡಿಫೆಂಡರ್‌ಗಳ ನಡುವಿನ ಕಿಂಡಿಯಲ್ಲಿ ನೆಲಕ್ಕೆ ಬಡಿಸಿ ಕೊಡುವ ಪಾಸ್) ಎರಡು ಕೈ ಸೇರಿಸಿ ಕೊಡಬೇಡಿ. ಎರಡನೇ ಕೈ ಬರುವಷ್ಟರಲ್ಲಿ ಕಿಂಡಿ ಮುಚ್ಚಿರುತ್ತದೆ. ಡ್ರಿಬಲ್‌ನಿಂದ ಮೇಲೆದ್ದ ಚೆಂಡನ್ನು ಅದೇ ಕೈಯಿಂದ, ಮಂಡಿಯ ಮಟ್ಟದಲ್ಲೇ ತಳ್ಳಿ. ಮೂರು ಪಾಲು ದೂರದಲ್ಲಿ ಎರಡು ಪಾಲು ದಾಟಿದ ಮೇಲೆ ಅದು ನೆಲ ಮುಟ್ಟಬೇಕು. ಬೇಗ ಬಡಿದರೆ ಅವನ ಎದೆಗೆ ಏರುತ್ತದೆ, ತಡವಾಗಿ ಬಡಿದರೆ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ದಿನಕ್ಕೆ 50 ಬಲಗೈಯಲ್ಲಿ, 70 ಎಡಗೈಯಲ್ಲಿ ಮಾಡಿ. ದುರ್ಬಲ ಕೈಗೆ ಹೆಚ್ಚು ಪಾಲು ಸಲ್ಲಬೇಕು.

ಪಂದ್ಯದ ವಿಡಿಯೋ ನೋಡುವಾಗ ಸ್ಕ್ರೀನ್ ಬಂದ ಕ್ಷಣಕ್ಕೆ ನಿಲ್ಲಿಸಿ, ಸೆಂಟರ್ ಏನು ಮಾಡುತ್ತಾನೆಂದು ಬಾಯಿಬಿಟ್ಟು ಹೇಳಿ, ಆಮೇಲೆ ಓಡಿಸಿ. ನಿಮ್ಮ ಟರ್ನ್‌ಓವರ್‌ಗಳನ್ನು (ಚೆಂಡು ಎದುರಾಳಿಗೆ ಹೋದ ತಪ್ಪುಗಳನ್ನು) ನಾಲ್ಕು ಕಾಲಂ ಮಾಡಿ ಬರೆದಿಡಿ: ಕೆಟ್ಟ ಪಾಸ್, ಕಳೆದ ಡ್ರಿಬಲ್, ಫೌಲ್, ಗಡಿಯಾರ. ಹತ್ತು ಪಂದ್ಯ ಕಳೆದರೆ ಯಾವ ಕಾಲಂ ತುಂಬಿದೆಯೋ ಅದೇ ಮುಂದಿನ ತಿಂಗಳ ಅಭ್ಯಾಸ. ಒಂದು ಟರ್ನ್‌ಓವರ್‌ಗೆ ಮೂರು ಅಸಿಸ್ಟ್ ಇದ್ದರೆ ಯಾವ ಕೋಚ್‌ಗೂ ನೆಮ್ಮದಿ.

ದೇಹದ ವಿಷಯದಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಕಷ್ಟ. ಥಟ್ಟನೆ ನಿಲ್ಲುವಾಗ ಬೀಳುವ ಹೊರೆ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜನ್ನು ಸವೆಸುತ್ತದೆ. ಮೆಟ್ಟಿಲಿನಿಂದ ಒಂಟಿ ಕಾಲಿನಲ್ಲಿ ಮೂರು ಎಣಿಸುತ್ತಾ ಇಳಿಯುವುದನ್ನು ಪ್ರತಿ ಕಾಲಿಗೆ 8ರಂತೆ 3 ಸೆಟ್ ಮಾಡಿ, ವಾರಕ್ಕೆ ಎರಡು ಸಲ. ಒಮ್ಮೆ ಉಳುಕಿದ ಕಾಲಿನ ಗಂಟು ಮತ್ತೆ ಉಳುಕುವುದೇ ಹೆಚ್ಚು. ಆದ್ದರಿಂದ ನೋವು ಹೋದ ಮೇಲೂ ಒಂಟಿ ಕಾಲಿನ ಸಮತೋಲನದ ವ್ಯಾಯಾಮ ಬಿಡಬೇಡಿ, ಲೇಸ್ ಕಟ್ಟುವ ಬ್ರೇಸ್ ಹಾಕಿ ಆಡಿ.

ಮೂವತ್ತು ದಾಟಿದ ಮೇಲೆ ಶಾಟ್ ಇಲ್ಲದ ಗಾರ್ಡ್‌ಗೆ ಜಾಗ ಸಿಗುವುದು ಕಷ್ಟ. ಜೇಸನ್ ಕಿಡ್ 1994ರಲ್ಲಿ ಎನ್‌ಬಿಎಗೆ ಬಂದಾಗ ಹೊರಗಿನ ಶಾಟ್ ಅವರ ದೌರ್ಬಲ್ಯವಾಗಿತ್ತು. 2013ರಲ್ಲಿ ನಿವೃತ್ತರಾಗುವಾಗ 1,988 ಮೂರು ಪಾಯಿಂಟ್ ಶಾಟ್‌ಗಳು ಅವರ ಹೆಸರಿನಲ್ಲಿದ್ದವು. 2011ರಲ್ಲಿ ಡಲ್ಲಾಸ್ ಜೊತೆ ಚಾಂಪಿಯನ್ ಆದಾಗ ವಯಸ್ಸು 38. ಆ ಶಾಟ್ ಕಟ್ಟುವ ಕೆಲಸವನ್ನು ಕಾಲು ಗಟ್ಟಿಯಿರುವಾಗಲೇ ಶುರುಮಾಡಿ. ಫಿಬಾ ಗೆರೆ 6.75 ಮೀಟರ್, ಎನ್‌ಬಿಎಯಲ್ಲಿ ನೇರ ಎದುರಿನಿಂದ 7.24. ಎರಡೂ ಕಡೆ ಆಡುವ ಆಸೆಯಿದ್ದರೆ ದೂರದ ಗೆರೆಯಿಂದಲೇ ಅಭ್ಯಾಸ ಮಾಡಿ.

ಬೇರೆ ದೇಶದ ಕ್ಲಬ್‌ಗೆ ಹೋಗುವಾಗ ಒಪ್ಪಂದದಲ್ಲಿ ಎರಡು ಸಾಲು ಹುಡುಕಿ. ಗಾಯವಾದರೂ ಸಂಬಳ ನಿಲ್ಲುವುದಿಲ್ಲ ಎಂಬುದು ಒಂದು. ಸಂಬಳ ಎಷ್ಟು ದಿನ ತಡವಾದರೆ ನೀವು ಆಡುವುದನ್ನು ನಿಲ್ಲಿಸಬಹುದು ಎಂಬುದು ಇನ್ನೊಂದು. ತಕರಾರು ಬಂದರೆ ಜಿನೀವಾದ ಬ್ಯಾಸ್ಕೆಟ್‌ಬಾಲ್ ಆರ್ಬಿಟ್ರಲ್ ಟ್ರಿಬ್ಯೂನಲ್ ತೀರ್ಮಾನಿಸುತ್ತದೆ ಎಂಬ ಷರತ್ತನ್ನೂ ಸೇರಿಸಿಸಿ. ಅದು ಬರಹದಲ್ಲಿ ಇಲ್ಲದಿದ್ದರೆ ಆ ಬಾಗಿಲು ನಿಮಗೆ ತೆರೆಯುವುದಿಲ್ಲ.